14.2 ಅಂದ್ರೆ ಚಿಕ್ಕಪ್ಪನ ಆಯುಷ್ಯ ಅಲ್ಲ ಮಾರಾಯ್ರೆ

ಕುಮಟಾ ಕಡೆಯ ಓದುಗರೊಬ್ಬರ ಪತ್ರ (ಹೆಸರು ಹಾಕ್ಬೇಡಿ ಅಂದಿದಾರೆ): ಚಿಕ್ಕಪ್ಪಂಗೆ ಕೆನ್ನೆ ಒಳಗೆ ಕ್ಯಾನ್ಸರ್. ಪೆಟ್ ಸ್ಕ್ಯಾನ್ ರಿಪೋರ್ಟಲ್ಲಿ ‘ಎಸ್‌ಯುವಿ ಮ್ಯಾಕ್ಸ್ 14.2’ ಅಂತಿದೆ, ಕುತ್ತಿಗೇಲಿ ಏನೂ ಕಂಡಿಲ್ಲ. ಹತ್ತು ದಾಟಿದ್ರೆ ವರ್ಷ ದಾಟಲ್ಲ ಅಂತ ನೆಂಟರೊಬ್ರು ಹೇಳಿದ್ರು. ಡಾಕ್ಟ್ರು ಆಪರೇಷನ್ ಡೇಟ್ ಕೊಟ್ಟಿದಾರೆ, ಗಡ್ಡೆ ಸಣ್ಣದೇ ಅಂತೆ, ಆದ್ರೂ ಕುತ್ತಿಗೇನೂ ಕುಯ್ತಾರಂತೆ. ಹೋಗೋ ಜೀವಕ್ಕೆ ಯಾಕಿಷ್ಟು ಹಿಂಸೆ ಅಂತ ಮನೇಲಿ ಜಗಳ. ನಿಮ್ಮ ಪತ್ರಿಕೇಲೂ ಹಂಗೇ ಬರ್ದಿದ್ರಲ್ಲ?

ಸಂಪಾದಕರ ಉತ್ತರ: ಮೊದ್ಲು ನಮ್ಮ ತಪ್ಪು ಒಪ್ಕೋತೀನಿ. ಹೋದ ತಿಂಗಳು ‘ಎಷ್ಟು ದಿನ ಬದುಕ್ತಾರೆ ಹೇಳೋ ಸ್ಕ್ಯಾನ್’ ಅಂತ ಹೆಡ್ಡಿಂಗ್ ಕೊಟ್ಟಿದ್ದು ನಾನೇ, ಲೇಖನದಲ್ಲಿ ಅಷ್ಟು ಖಂಡಿತವಾಗಿ ಇರ್ಲಿಲ್ಲ, ಜನ ಓದ್ಲಿ ಅಂತ ನಾನು ಎಳೆದೆ. ಅದು ನಿಮ್ಮ ಮನೇಲಿ ಜಗಳಕ್ಕೆ ಸೌದೆ ಆಯ್ತು ನೋಡಿ.

ಈ 14.2 ಏನು ಅಂದ್ರೆ, ಇಂಜೆಕ್ಷನ್ನಲ್ಲಿ ಕೊಡೋದು ಸಕ್ಕರೆಯ ತದ್ರೂಪು, ಅದಕ್ಕೆ ವಿಕಿರಣ ಸೂಸೋ ಫ್ಲೋರಿನ್-18 ಅಂಟಿಸಿರ್ತಾರೆ. ಕ್ಯಾನ್ಸರ್ ಜೀವಕೋಶಕ್ಕೆ ಸಕ್ಕರೆ ಹಸಿವು ಜಾಸ್ತಿ, ನುಂಗತ್ತೆ, ಆದ್ರೆ ಇದನ್ನ ಪೂರ್ತಿ ಕರಗಿಸ್ಕೊಳ್ಳಕ್ಕಾಗಲ್ಲ, ಹಾಗಾಗಿ ಒಳಗೇ ಸಿಕ್ಕಾಕೊಂಡು ಮಿನುಗತ್ತೆ. ಔಷಧಿ ಮೈಯೆಲ್ಲ ಸಮ ಹಂಚಿದ್ರೆ ಎಷ್ಟಿರ್ತಿತ್ತೋ ಅದಕ್ಕಿಂತ 14 ಪಟ್ಟು ಆ ಗಡ್ಡೆಯ ಅತಿ ಬಿಸಿ ಚುಕ್ಕೀಲಿ ಇದೆ, ಅಷ್ಟೇ. ಒಂದೇ ಚುಕ್ಕಿ. ಅವತ್ತು ಶುಗರ್ ಜಾಸ್ತಿ ಇದ್ರೆ ನಂಬರ್ ಇಳಿಯತ್ತೆ, ಇಂಜೆಕ್ಷನ್ ಆಗಿ ಒಂದು ಗಂಟೆ ಬದ್ಲು ಒಂದೂವರೆ ಗಂಟೆಗೆ ಸ್ಕ್ಯಾನ್ ಮಾಡಿದ್ರೆ ಗಡ್ಡೆದು ಸಾಮಾನ್ಯವಾಗಿ ಏರತ್ತೆ, ಮಷಿನ್ ಬದಲಾದ್ರೆ ಬೇರೆ, ಹಲ್ಲು ಕೀವು ಆಗಿದ್ರೂ ಅಲ್ಲೇ ಪಕ್ಕದಲ್ಲಿ ಮಿನುಗತ್ತೆ. (ಆ ಫ್ಲೋರಿನ್ ಸುಮಾರು 110 ನಿಮಿಷಕ್ಕೊಮ್ಮೆ ಅರ್ಧ ಆಗತ್ತೆ, ಅದಕ್ಕೇ ಟೈಮಿಗೆ ಬನ್ನಿ ಅಂತ ಅಷ್ಟು ಬೈಯೋದು. ಅರಬೈಲ್ ಘಾಟೀಲಿ ಲಾರಿ ಅಡ್ಡ ಬಿದ್ರೆ ಔಷಧಿ ಕಾಯಲ್ಲ.)

ಹಾಗಾದ್ರೆ ನಂಬರಿಗೆ ಬೆಲೆನೇ ಇಲ್ವಾ? ಇದೆ. ಬಾಯಿ ಕ್ಯಾನ್ಸರ್‌ನಲ್ಲಿ ಜಾಸ್ತಿ ಮಿನುಗೋ, ಅದಕ್ಕಿಂತ ಮುಖ್ಯವಾಗಿ ಜಾಸ್ತಿ *ಜಾಗ* ಮಿನುಗೋ ಗಡ್ಡೆ ಇದ್ದವರ ಗುಂಪು ಒಟ್ಟಾರೆ ಕಮ್ಮಿ ಬದುಕಿದೆ ಅಂತ ಸುಮಾರು ಅಧ್ಯಯನಗಳಲ್ಲಿ ಕಂಡಿದೆ. ಆದ್ರೆ ಗೆರೆ ಎಲ್ಲಿ ಎಳೀಬೇಕು ಅನ್ನೋದ್ರಲ್ಲಿ ಒಬ್ರದ್ದೊಂದು, ಇನ್ನೊಬ್ರದ್ದು ಇನ್ನೊಂದು. ನಿಮ್ಮ ನೆಂಟರ ‘ಹತ್ತು’ ಎಲ್ಲರೂ ಒಪ್ಪಿದ ಗೆರೆ ಅಲ್ವೇ ಅಲ್ಲ. ನಮ್ಮ ಶಿರಸಿ ಕಡೆ ಫಸಲು ಗುತ್ತಿಗೆ ಹಿಡಿಯೋರು ತೋಟ ಒಂದು ಸುತ್ತು ಹಾಕಿ ಇಷ್ಟು ಕ್ವಿಂಟಲ್ ಅಂತಾರಲ್ಲ, ತೋಟದ ಲೆಕ್ಕ ಹೆಚ್ಚುಕಮ್ಮಿ ಕೂಡತ್ತೆ, ಆದ್ರೆ ಬೇಲಿ ಪಕ್ಕದ ಆ ಒಂದು ಮರ ಎಷ್ಟು ಕೊಡತ್ತೆ ಕೇಳಿ, ನಗ್ತಾರೆ. ಚಿಕ್ಕಪ್ಪ ಒಂದು ಮರ.

ಈಗ ಕುತ್ತಿಗೆ ವಿಷಯ. ಸ್ಕ್ಯಾನಲ್ಲಿ ಕಾಣದಿದ್ರೆ ಇಲ್ಲ ಅಂತಲ್ಲ, ಕುತ್ತಿಗೆ ಗಂಟಿಗೆ (ದುಗ್ಧಗ್ರಂಥಿಗೆ) ಹರಡಿದ ಕ್ಯಾನ್ಸರ್ ಬೀಜ ಕೆಲವೇ ಮಿಲಿಮೀಟರ್ ಇದ್ರೆ ಪೆಟ್‌ಗೂ ಸಿಗಲ್ಲ. ಮುಂಬೈ ಟಾಟಾ ಮೆಮೋರಿಯಲ್‌ನವರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಪ್ರಶ್ನೆ ಕೇಳಿತ್ತು: ಆರಂಭದ ಹಂತದ ಬಾಯಿ ಕ್ಯಾನ್ಸರ್‌ನಲ್ಲಿ ಮೊದಲ ಆಪರೇಷನ್ನಲ್ಲೇ ಕುತ್ತಿಗೆ ಗಂಟುಗಳನ್ನ ತೆಗೆದವರಲ್ಲಿ 3 ವರ್ಷಕ್ಕೆ ಶೇ. 80 ಜನ ಬದುಕಿದ್ರು, ಗಂಟು ಕಂಡಾಗ ನೋಡೋಣ ಅಂತ ಕಾದವರಲ್ಲಿ ಶೇ. 67.5. ನಿಮ್ಮ ಡಾಕ್ಟ್ರು ಕುತ್ತಿಗೇನೂ ಅಂದಿದ್ದು ಇದಕ್ಕೇ, ಕೈಬಿಟ್ಟಿರೋದ್ರಿಂದ ಅಲ್ಲ. ಡೇಟ್ ಬಿಡ್ಬೇಡಿ.

ಆಪರೇಷನ್ ಆದ್ಮೇಲೆ ಬರೋ ಬಯಾಪ್ಸಿ ರಿಪೋರ್ಟ್ ಇದೆಯಲ್ಲ, ಕೇಳೋದಿದ್ರೆ ಅದರ ಬಗ್ಗೆ ಕೇಳಿ: ಎಷ್ಟು ಮಿಲಿಮೀಟರ್ ಆಳ ಇಳಿದಿತ್ತು, ಎಷ್ಟು ಗಂಟಲ್ಲಿ ಇತ್ತು, ಗಂಟಿನ ಸಿಪ್ಪೆ ಒಡೆದು ಹೊರಗೆ ಬಂದಿತ್ತಾ, ಅಂಚು ಕ್ಲಿಯರ್ ಇದ್ಯಾ. ರೇಡಿಯೇಶನ್ ಬೇಕಾ ಬೇಡ್ವಾ ನಿರ್ಧಾರ ಆಗೋದು ಹೆಚ್ಚಾಗಿ ಅಲ್ಲಿಂದ.

ಕೊನೇಲಿ ಬರ್ದಿದೀರಿ, ತಂಬಾಕು ಬಿಟ್ಟಾಯ್ತು, ಬರೀ ಕವಳ ಆಗತ್ತಲ್ಲ ಅಂತ ಚಿಕ್ಕಪ್ಪ ಕೇಳ್ತಾರೆ ಅಂತ. ಆಗಲ್ಲ. ತಂಬಾಕಿಲ್ಲದ ಎಲೆ ಅಡಿಕೇನೂ ಕ್ಯಾನ್ಸರ್ ತರತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ತೀರ್ಮಾನಿಸಿದ್ದು 2004ರಲ್ಲಿ ಪ್ರಕಟ ಆಗಿದೆ. ಅಡಿಕೆ ಊರಲ್ಲಿ ಕೂತು ಇದನ್ನ ಬರೆದಿದ್ದಕ್ಕೆ ಮುಂದಿನ ತಿಂಗಳು ನಂಗೆ ಬೈಗುಳದ ಪತ್ರ ಬರತ್ತೆ, ಬರ್ಲಿ. ಸಂಚಿ ಅಟ್ಟಕ್ಕೆ ಹಾಕಿ.