ಲಾರಿಯ ಒಂದು ಇಂಚು, ನಮ್ಮ ಅರ್ಧ ಸೂತ

ಕಳೆದ ಸಂಚಿಕೆಯಲ್ಲಿ ನಾನು ಕಟ್ಟಿಗೆಯಲ್ಲಿ ಮಾಡಿದ ಸಣ್ಣ ಲಾರಿ ಮಾದರಿಯ ಫೋಟೊ ಬಂದ ಮೇಲೆ ಸುಮಾರು ಪತ್ರಗಳು ಬಂದಿವೆ. ನಾಲ್ಕಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ಯಾರು ಅಂತ ಕೇಳಿದವರಿಗೆ: ಬಾಗಲಕೋಟೆಯಲ್ಲಿ ಲಾರಿ ಬಾಡಿ ಕಟ್ಟುವ ಗ್ಯಾರೇಜಿನಲ್ಲಿ 31 ವರ್ಷ ಉಳಿ ಹಿಡಿದ ಬಡಿಗ. ಆಗ ಕಂಪನಿಯಿಂದ ಚಾಸಿ, ಎಂಜಿನ್, ಮುಂದಿನ ಮೋರೆ ಇಷ್ಟೇ ಬರುತ್ತಿತ್ತು. ಡ್ರೈವರ್ ತಲೆಗೆ ಟವೆಲ್ ಸುತ್ತಿಕೊಂಡು, ಬಿಸಿಲು ಗಾಳಿ ತಿನ್ನುತ್ತ ಅದನ್ನು ನಮ್ಮ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದ. ಕ್ಯಾಬಿನ್, ಹಿಂದಿನ ಬಾಡಿ ಎಲ್ಲ ನಮ್ಮ ಕೈಯಲ್ಲೇ ಆಗಬೇಕು. ಈಗ ಅದೇ ಕೆಲಸ ಮನೆಯ ಪಡಸಾಲೆಯಲ್ಲಿ ಮಾಡುತ್ತಿದ್ದೇನೆ, ಸ್ವಲ್ಪ ಸಣ್ಣದಾಗಿ.

ಪ್ರಶ್ನೆ: ಲಾರಿ ಮಾದರಿ ಕಟ್ಟಲು ಶುರು ಮಾಡಿದ್ದೇನೆ. ಕ್ಯಾಬಿನ್ ಮುಗಿಯುತ್ತ ಬಂದಿದೆ. ಉಳಿದದ್ದಕ್ಕೆ ಯಾವ ಅಳತೆ ಹಿಡಿಯಲಿ?
– ಐಟಿಐ ವಿದ್ಯಾರ್ಥಿ, ಜಮಖಂಡಿ

ತಮ್ಮಾ, ಆ ಕ್ಯಾಬಿನ್ ಪಕ್ಕಕ್ಕಿಡು. ಎಲ್ಲರೂ ಮೋರೆಯಿಂದಲೇ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ, 31 ವರ್ಷದ ಅನುಭವ ಇಟ್ಟುಕೊಂಡು! ಕ್ಯಾಬಿನ್ ಚೆಂದ ಬಂತು. ಚಾಸಿ ಮೇಲೆ ಕೂರಿಸಿದರೆ ಮುಂದಿನ ಗಾಲಿ ಮಡ್‌ಗಾರ್ಡಿಗೆ ತಾಗಿ ತಿರುಗಲೇ ಇಲ್ಲ. ಆ ಕ್ಯಾಬಿನ್‌ನಲ್ಲಿ ಈಗ ಮೊಮ್ಮಗ ಪೆನ್ಸಿಲ್ ಇಡುತ್ತಾನೆ.

ಮೊದಲು ಚಾಸಿ. ಎರಡು ಉದ್ದನೆಯ ಚಾನೆಲ್, ನಡುವೆ ಅಡ್ಡಪಟ್ಟಿ, ಏಣಿ ಮಲಗಿಸಿದ ಹಾಗೆ. ಆಮೇಲೆ ಪಾಟಾ (ಒಂದರ ಮೇಲೊಂದು ಪಟ್ಟಿ ಜೋಡಿಸಿದ, ಭಾರ ತಾಳುವ ಸ್ಪ್ರಿಂಗ್), ಆಕ್ಸಲ್, ಗಾಲಿ. ಗಾಲಿಯ ಮೇಲೆ ನಿಂತು ಸಲೀಸಾಗಿ ಉರುಳಿದ ಮೇಲೆ ಕ್ಯಾಬಿನ್ ಮಾತು.

ಅಳತೆಗೆ ನಾನು ಹಿಡಿಯುವುದು 1:16. ಬಡಿಗರ ಲೆಕ್ಕದಲ್ಲಿ ಇಂಚಿಗೆ 8 ಸೂತ ಅಲ್ವಾ? ಅಂದರೆ ಇಂಚಿಗೆ 16 ಅರ್ಧ ಸೂತ. ಲಾರಿಯ ಮೇಲಿನ ಒಂದು ಇಂಚು ನಿನ್ನ ಮೇಜಿನ ಮೇಲೆ ಅರ್ಧ ಸೂತ. ಮುಗೀತು, ಕ್ಯಾಲ್ಕುಲೇಟರ್ ಬೇಡ. 17 ಫೂಟಿನ ಬಾಡಿ ಅಂದರೆ 204 ಇಂಚು. 204 ಅರ್ಧ ಸೂತ ಎಣಿಸಿದರೆ 12 ಮುಕ್ಕಾಲು ಇಂಚು. 8 ಫೂಟು ಅಗಲ 6 ಇಂಚಾಗುತ್ತದೆ. ಅಂಗಡಿಯಲ್ಲಿ ಸಿಗುವ ಲೋಹದ ಲಾರಿಗಳು ಹೆಚ್ಚಾಗಿ 1:50 ಇರುತ್ತವೆ. ಅಷ್ಟು ಸಣ್ಣದರಲ್ಲಿ ಕಟ್ಟಿಗೆಯ ಪಾಟಾ ಮಾಡಲು ಹೋಗಬೇಡ, ಕಣ್ಣು ಕಳೆದುಕೊಳ್ಳುತ್ತೀಯ.

ಪಾಟಾಕ್ಕೆ ಬುಟ್ಟಿ ಹೆಣೆಯುವವರ ಹತ್ತಿರ ಬಿದಿರಿನ ಸೀಳು ಕೇಳು. ನೀರಲ್ಲಿ ನೆನೆಸಿ, ಬಿಸಿ ತೋರಿಸಿ ಬಾಗಿಸು. ಉದ್ದನೆಯ ಪಟ್ಟಿ ಮೇಲೆ, ಕೆಳಗೆ ಹೋದಂತೆ ಗಿಡ್ಡ. ಹಿಂದಿನ ಗಾಲಿಗಾದರೆ ಅದರ ಮೇಲೆ ಇನ್ನೊಂದು ಸಣ್ಣ ಹೆಲ್ಪರ್ ಪಾಟಾ.

ಫೋಟೊ ನೋಡಿ ಅಳತೆ ತೆಗೆಯಬೇಡ. ನಿಂತ ಲಾರಿಗೆ ಟೇಪ್ ಹಿಡಿ, ಅದೂ ಖಾಲಿ ಲಾರಿಗೆ. ಲೋಡ್ ಬಿದ್ದರೆ ಪಾಟಾ ಕುಗ್ಗಿ ಬಾಡಿ ಕೆಳಗಿಳಿಯುತ್ತದೆ. ಮೊದಲು ಡ್ರೈವರ್‌ನನ್ನು ಕೇಳು. ನಾನು ಗದ್ದನಕೇರಿ ಕ್ರಾಸಿನ ಹತ್ತಿರ ಒಂದು ಢಾಬಾ ಮುಂದೆ ಕೇಳದೇ ಲಾರಿಯ ಕೆಳಗೆ ತೂರಿದ್ದೆ. ಊಟ ಬಿಟ್ಟು, ಎಂಜಲು ಕೈಯಲ್ಲೇ ಕಾಗದಪತ್ರದ ಚೀಲ ಹಿಡಿದು ಓಡಿ ಬಂದ ಪುಣ್ಯಾತ್ಮ. "ಎಲ್ಲಾ ಬರೋಬ್ಬರಿ ಐತ್ರಿ ಸಾಹೇಬ್ರ!" ಸಂಗತಿ ತಿಳಿದ ಮೇಲೆ ತಾನೇ ಟೇಪಿನ ಇನ್ನೊಂದು ತುದಿ ಹಿಡಿದ.

ಪ್ರಶ್ನೆ: ಯಾವ ಕಟ್ಟಿಗೆ ಒಳ್ಳೆಯದು?
– ಓದುಗರು, ವಿಜಯಪುರ

ಹಳೆಯ ಸಾಗವಾನಿ. ಹೊಸದು ಕೊಳ್ಳಬೇಡಿ, ದುಡ್ಡೂ ಜಾಸ್ತಿ, ಹಸಿಯೂ ಇರಬಹುದು.

ಆಲಮಟ್ಟಿ ಹಿನ್ನೀರಿಗೆ ನಮ್ಮ ಹಳೆ ಬಾಗಲಕೋಟೆಯ ಮನೆ ಹೋಯಿತು. ನವನಗರಕ್ಕೆ ಬರುವಾಗ ಜನ ಬಾಗಿಲು, ತೊಲೆ, ಕಂಬ ಕಿತ್ತು ಹೇರಿಕೊಂಡು ಬಂದರು. ನಮ್ಮಪ್ಪ ತಲಬಾಗಿಲ ಚೌಕಟ್ಟು ತಂದಿದ್ದರು. ಹೊಸ ಮನೆಗೆ ಅದು ಹೊಂದಲಿಲ್ಲ, ಹಿತ್ತಲಲ್ಲಿ ಬಿತ್ತು. ಎಷ್ಟೋ ವರ್ಷದ ಮೇಲೆ ನನ್ನ ಎರಡನೇ ಲಾರಿಗೆ ಅದನ್ನೇ ಸೀಳಿದೆ. ಮೇಲೆ ಕಪ್ಪಗೆ ಎಣ್ಣೆಜಿಡ್ಡು. ಒಂದು ಸಲ ರಂದಾ ಎಳೆದರೆ ಒಳಗೆ ಜೇನಿನ ಬಣ್ಣ, ಅದೇ ಸಾಗವಾನಿ ವಾಸನೆ. ಮೂರನೇ ಸೀಳಿಗೆ ಗರಗಸ ಕಿರ್ರ್ ಅಂದಿತು. ಒಳಗೆ ಒಂದು ಮೊಳೆ, ಹಬ್ಬಕ್ಕೆ ತೋರಣ ಕಟ್ಟುತ್ತಿದ್ದ ಮೊಳೆ, ತಲೆ ಮುರಿದು ಕೂತಿತ್ತು. ಗರಗಸದ ನಾಲ್ಕು ಹಲ್ಲು ಹೋದವು. ಅದಕ್ಕೇ ಹೇಳುವುದು, ಹಳೆ ಕಟ್ಟಿಗೆ ಸೀಳುವ ಮುಂಚೆ ಅಯಸ್ಕಾಂತ ಆಡಿಸಿ ನೋಡಿ.

ಬೇವು, ಜಾಲಿ ಬೇಡ ಅಂತಲ್ಲ. ಜಾಲಿ ಚಕ್ಕಡಿಗೆ ಗಟ್ಟಿ, ಆದರೆ ಸಣ್ಣ ಕೆಲಸದಲ್ಲಿ ಉಳಿಗೆ ಮಣಿಯುವುದಿಲ್ಲ.

ಪ್ರಶ್ನೆ: ಬೇಸಿಗೆಯಲ್ಲಿ ಮಾಡಿದ ಲಾರಿ. ಮಳೆಗಾಲ ಬಂದ ಮೇಲೆ ಕ್ಯಾಬಿನ್ ಬಾಗಿಲು ತೆರೆಯುತ್ತಿಲ್ಲ. ದುಂಡಗಿದ್ದ ಗಾಲಿಗಳು ಮೊಟ್ಟೆಯಾಕಾರಕ್ಕೆ ಬಂದಿವೆ. ನನ್ನ ಕೈ ತಪ್ಪಾ?
– ನಿವೃತ್ತ ಶಿಕ್ಷಕಿ, ಬೆಳಗಾವಿ

ಅಕ್ಕೋರೇ, ಕೈ ತಪ್ಪಲ್ಲ, ನಿಮ್ಮೂರ ಮಳೆ. ನಮ್ಮ ಕಡೆ ಆಷಾಢದಲ್ಲೂ ಧೂಳು ಹಾರುತ್ತದೆ. ನಿಮ್ಮಲ್ಲಿ ಗೋಡೆಯೂ ಬೆವರುತ್ತದೆ.

ಕಟ್ಟಿಗೆ ನಾರಿನ ಉದ್ದಕ್ಕೆ ಹೆಚ್ಚುಕಡಿಮೆ ಆಗುವುದು ತೀರಾ ಸ್ವಲ್ಪ. ಅಡ್ಡಕ್ಕೆ ಮಾತ್ರ ತಂಪು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಒಂದೇ ಹಲಗೆಯಿಂದ ಕೊರೆದ ಗಾಲಿ ಒಂದು ದಿಕ್ಕಿಗೆ ಮಾತ್ರ ಉಬ್ಬಿದರೆ ಮೊಟ್ಟೆಯಾಗದೇ ಇನ್ನೇನಾದೀತು? ಕೊಂಬೆಯನ್ನು ಸೌತೆಕಾಯಿ ಹೆಚ್ಚಿದ ಹಾಗೆ ಕೊಯ್ದು ಗಾಲಿ ಮಾಡಿದರೆ ಅದು ನಡುವಿನಿಂದ ಸೀಳುತ್ತದೆ, ಅದೂ ಬೇಡ. ಮೂರು ತೆಳು ಹಲಗೆ ತೆಗೆದುಕೊಂಡು, ನಡುವಿನದರ ನಾರು ಅಡ್ಡ ಬರುವಂತೆ ಫೆವಿಕಾಲ್ ಹಚ್ಚಿ, ರಾತ್ರಿಯಿಡೀ ಭಾರ ಹೇರಿ. ಆಮೇಲೆ ಕೊರೆಯಿರಿ. ಒಂದರ ಜಗ್ಗಾಟವನ್ನು ಇನ್ನೊಂದು ತಡೆಯುತ್ತದೆ. ಪ್ಲೈವುಡ್ಡಿನ ಗುಟ್ಟೂ ಇದೇ.

ಬಾಗಿಲಿಗೆ ಈಗ ರಂದಾ ಹಾಕಲೇಬೇಡಿ. ದೀಪಾವಳಿ ದಾಟಲಿ, ತಾನೇ ಸಡಿಲಾಗುತ್ತದೆ. ಈಗ ಉಜ್ಜಿದರೆ ಮಾರ್ಚಿನಲ್ಲಿ ಸಂದಿಯಿಂದ ಇರುವೆ ಓಡಾಡುತ್ತವೆ. ಒಣಗಿದ ಮೇಲೆ ಸುತ್ತಲೂ ಪೋಸ್ಟ್‌ಕಾರ್ಡ್ ತೂರುವಷ್ಟು ಸಂದಿ ಬಿಡಿಸಿ, ವಾರ್ನಿಷ್ ಒಳಗೆ, ಹೊರಗೆ, ಅಂಚಿಗೂ ಹಚ್ಚಿ. ಹೊರಮೈಗೆ ಮಾತ್ರ ಹಚ್ಚಿದರೆ ಹಲಗೆ ಹಪ್ಪಳದ ಹಾಗೆ ಬಾಗುತ್ತದೆ.

ಪ್ರಶ್ನೆ: ಅಪ್ಪ ಹತ್ತು ಗಾಲಿಯ ಲಾರಿಯಲ್ಲಿ ಗ್ರಾನೈಟ್ ಸಾಗಿಸುತ್ತಿದ್ದರು. ಈಗ ಸ್ಟೀರಿಂಗ್ ಬಿಟ್ಟಿದ್ದಾರೆ. ಅವರಿಗೆ ಆ ಲಾರಿಯ ಮಾದರಿ ಮಾಡಿಕೊಡಬೇಕು. ಮೇಲೆ ನಿಜವಾದ ಕಲ್ಲು ಇಡಬಹುದಾ?
– ಡ್ರೈವರ್ ಮಗಳು, ಇಳಕಲ್

ಇಡಬಹುದು ತಂಗೀ, ಆದರೆ ಭಾರದ ಲೆಕ್ಕ ಮೊದಲು. ಉದ್ದ, ಅಗಲ, ಎತ್ತರ ಮೂರೂ 16 ಪಟ್ಟು ಇಳಿಯುತ್ತವೆ. 16 ಗುಣಿಸು 16 ಗುಣಿಸು 16 ಅಂದರೆ 4096. ಅಪ್ಪ ಹೊತ್ತ 16 ಟನ್ನಿನ ಕಲ್ಲು ನಿನ್ನ ಲಾರಿಯ ಮೇಲೆ 4 ಕಿಲೋಕ್ಕೆ ಸ್ವಲ್ಪ ಕಡಿಮೆ. ಬಿದಿರಿನ ಪಾಟಾ ಅಷ್ಟು ತಾಳುವುದಿಲ್ಲ. ಆಕ್ಸಲ್ ಮತ್ತು ಚಾಸಿ ನಡುವೆ ಕಾಣದ ಹಾಗೆ ಕಟ್ಟಿಗೆಯ ತುಂಡು ಕೂರಿಸು, ಭಾರ ಅದರ ಮೇಲೆ ಹೋಗುತ್ತದೆ. ಪಾಟಾ ಮಾತ್ರ ಬಾಗಿಸದೇ ಹೆಚ್ಚುಕಡಿಮೆ ನೇರ ಇಡು. ತುಂಬಿದ ಲಾರಿಯ ಪಾಟಾ ಕಮಾನಿನಂತೆ ನಿಂತಿದ್ದರೆ ಅಪ್ಪ ಮೊದಲು ಅದನ್ನೇ ನೋಡಿ ನಗುತ್ತಾರೆ. ಕಲ್ಲಿಗೇನು, ನಿಮ್ಮೂರಲ್ಲಿ ಕೆಂಪು ಗ್ರಾನೈಟ್ ಚೂರಿಗೆ ಬರವೇ?

ನಂಬರ್ ಪ್ಲೇಟ್ 21 ಮಿ.ಮೀ. ಉದ್ದ, 12 ಮಿ.ಮೀ. ಎತ್ತರ, ಹಳದಿ ಮೇಲೆ ಕಪ್ಪು ಅಕ್ಷರ. ನಮ್ಮ ಜಿಲ್ಲೆಯ ಕೆಎ 29 ಬರೆದು, ಮುಂದೆ ಅಪ್ಪನ ಗಾಡಿಯ ನಂಬರೇ ಬರೆ. ಹಿಂದಿನ 'ಹಾರ್ನ್ ಓಕೆ ಪ್ಲೀಸ್' ಸ್ಟಿಕ್ಕರ್ ಬೇಡ, ಸಣ್ಣ ಬ್ರಷ್ಷಿನಲ್ಲಿ ಕೈಯಿಂದಲೇ ಬರೆ. ಸ್ವಲ್ಪ ಸೊಟ್ಟ ಬಂದರೆ ಬರಲಿ, ಪೇಂಟರ್ ಬರೆದದ್ದೂ ಹಾಗೇ ಇರುತ್ತಿತ್ತು.

ಗಾಲಿ 66 ಮಿ.ಮೀ. ಎತ್ತರ, 17 ಮಿ.ಮೀ. ದಪ್ಪ. ಹಿಂದಿನ ಜೋಡಿ ಗಾಲಿಗಳ ನಡುವೆ ಎರಡೂವರೆ ಮಿ.ಮೀ. ಸಂದಿ ಬಿಡು, ಅಂಟಿಸಿಬಿಡಬೇಡ. ಹತ್ತು ಗಾಲಿ ಅಂತ ಹತ್ತೇ ಕೊರೆಯಬೇಡ, ಸ್ಟೆಪ್ನಿಗೆ ಹನ್ನೊಂದನೆಯದು ಬೇಕು. ಹನ್ನೆರಡು ಕೊರೆ, ಒಂದು ಕೆಟ್ಟೇ ಕೆಡುತ್ತದೆ.