ತೋಟದ ಗೇಟು ನಾನೇ ಮಾಡಿಕೊಳ್ಳಬೇಕು, ಮೊದಲ ವೆಲ್ಡಿಂಗ್ ಮೆಷಿನ್ ಯಾವುದು ತಗೊಳ್ಳಲಿ?

15 ಸಾವಿರದೊಳಗೆ 250 ಆಂಪ್ಸಿನ ಆರ್ಕ್ ಮೆಷಿನ್ (ರಾಡ್ ಸುಟ್ಟು ಬೆಸೆಯುವುದು) ತಗೊಳ್ಳಲಾ, ಗ್ಯಾಸ್ ಬೇಡದ ಮಿಗ್ (ರಾಡ್ ಬದಲು ವೈರ್ ಬಳಸುವುದು) ತಗೊಳ್ಳಲಾ ಅಂತ ಕೇಳಿದ್ದೀರಿ. ಮೊದಲು ತೋಟದ ಗೇಟು, ಆಮೇಲೆ ಕೊಟ್ಟಿಗೆ ಶೆಡ್ಡು, ಎರಡನ್ನೂ ವಿಡಿಯೊ ನೋಡಿ ನೀವೇ ಮಾಡುವ ಯೋಚನೆ. ಆರು ವರ್ಷದ ಹಿಂದೆ ನಾನು ಹೊರಟಿದ್ದೂ ಹೀಗೇ. ನನ್ನದೂ ತೋಟದ ಗೇಟೇ.

ನಮ್ಮದು ತಿಪಟೂರು ಕಡೆ ತೆಂಗಿನ ತೋಟ. ಟ್ರಾಕ್ಟರ್ ಒಳಗೆ ಬರೋಕೆ 10 ಅಡಿ ಅಗಲದ ಗೇಟು ಬೇಕಿತ್ತು. ವರ್ಕ್‌ಶಾಪಿನಲ್ಲಿ 28 ಸಾವಿರ ಹೇಳಿದರು. ಅಷ್ಟು ದುಡ್ಡಲ್ಲಿ ಮೆಷಿನ್ನು, ಕಬ್ಬಿಣ ಎರಡೂ ಬರುತ್ತದಲ್ಲ, ಕೆಲಸವೂ ಕಲಿತ ಹಾಗಾಯಿತು ಅಂದುಕೊಂಡೆ. 200 ಆಂಪ್ಸಿನ ಇನ್ವರ್ಟರ್ ಮೆಷಿನ್, ಅಂದರೆ ಹಗುರದ ಆರ್ಕ್ ಮೆಷಿನ್, ಒಂದು 7 ಸಾವಿರದ ಚಿಲ್ಲರೆಗೆ ಬಂತು. ಯಾವುದು ತಗೊಳ್ಳಲಿ ಅಂತ ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದೆ, ನಿಮ್ಮ ಹಾಗೆ. ಆ ಒಂದು ತಿಂಗಳಲ್ಲಿ ಒಂದು ರಾಡನ್ನೂ ಸುಟ್ಟಿರಲಿಲ್ಲ.

ಮೆಷಿನ್ ಬಂದ ಎರಡನೇ ದಿನಕ್ಕೇ ಗೇಟಿನ ಕೆಲಸಕ್ಕೆ ಕೈ ಹಾಕಿದೆ. ಫ್ರೇಮಿಗೆ ಒಂದೂವರೆ ಇಂಚಿನ ಚೌಕದ ಪೈಪು, 16 ಗೇಜು, ಅಂದರೆ ಗೋಡೆ ದಪ್ಪ 1.6 ಎಂಎಂ. ಹಿಂಜ್ ಕೂರಿಸಲು 8 ಎಂಎಂ ಪ್ಲೇಟು. 2.5 ಎಂಎಂ ರಾಡ್ ಹಾಕಿ 90 ಆಂಪ್ಸಿನಲ್ಲಿ ಶುರು ಮಾಡಿದೆ, ಪೈಪು ತೂತು ಬಿತ್ತು. 75ಕ್ಕೆ ಇಳಿಸಿದೆ, ಮತ್ತೆ ತೂತು. ನನ್ನ ಕೈ ನಿಧಾನ ಇತ್ತು, ಒಂದೇ ಕಡೆ ನಿಲ್ಲುತ್ತಿತ್ತು. ಅದು ಗೊತ್ತಾಗದೆ ಕರೆಂಟ್ ಇಳಿಸುತ್ತಲೇ ಹೋದೆ. 50ಕ್ಕೆ ಬಂದಾಗ ತೂತು ಬೀಳುವುದು ನಿಂತಿತು. ರಾಡ್ ಅಂಟಿಕೊಳ್ಳತೊಡಗಿತು. ಅಂಟಬಾರದು ಅಂತ ರಾಡನ್ನು ದೂರ ಹಿಡಿದೆ. ಕರಗಿದ ಕಬ್ಬಿಣ ಹನಿಹನಿಯಾಗಿ ಬಿದ್ದು ಕೂತುಕೊಳ್ಳುತ್ತಿತ್ತು. ಸಾಕಪ್ಪಾ, ಕೂತಿತಲ್ಲ ಅಂದುಕೊಂಡೆ.

ನಾನು ಮಾಡಿದ ದೊಡ್ಡ ತಪ್ಪು ಇದರ ಮುಂದೆ ಇದೆ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಬೆಸುಗೆ ನೋಡಲು ಕೆಟ್ಟದಾಗಿತ್ತು. ಉಂಡೆ ಉಂಡೆ, ನಡುನಡುವೆ ಹಳ್ಳ. ನಾನು ಗ್ರೈಂಡರ್ ತಗೊಂಡು ಎಲ್ಲವನ್ನೂ ಸಪಾಟಾಗಿ ಉಜ್ಜಿದೆ. ಉಳಿದ ಸಣ್ಣ ತೂತುಗಳಿಗೆ ಪುಟ್ಟಿ ತುಂಬಿದೆ. ಮೇಲೆ ಎರಡು ಕೋಟು ರೆಡ್ ಆಕ್ಸೈಡ್, ಆಮೇಲೆ ಕಪ್ಪು ಪೇಂಟು. ಗೇಟು ಎಷ್ಟು ಚಂದ ಆಯಿತು ಅಂದರೆ ಊರಿನವರು ಯಾವ ವರ್ಕ್‌ಶಾಪಿನದು ಅಂತ ಕೇಳಿದರು. ನನಗೂ ಹೆಮ್ಮೆ ಆಗಿತ್ತು.

ಎರಡು ತುಂಡು ಸೇರುವ ಮೂಲೆಯಲ್ಲಿ ಹಾಕುವ ಬೆಸುಗೆಯ ಬಲ ಎಲ್ಲಾ ಇರುವುದು ಆ ಮೂಲೆಯಲ್ಲಿ ತುಂಬಿದ ಲೋಹದ ದಪ್ಪದಲ್ಲಿ. ಅದನ್ನು ಉಜ್ಜಿ ಸಪಾಟು ಮಾಡಿದರೆ ಇದ್ದ ಬಲವೂ ಪುಡಿಯಾಗಿ ನೆಲಕ್ಕೆ ಬಿದ್ದ ಹಾಗೆ. ಇನ್ನೂ ಕೆಟ್ಟದ್ದು ಏನೆಂದರೆ, ಆ ಕೊಳಕು ಬೆಸುಗೆ ನನಗೆ ಏನೋ ಹೇಳುತ್ತಿತ್ತು. ಉಂಡೆ ಉಂಡೆಯಾಗಿ ಎದ್ದು ನಿಂತಿದೆ ಅಂದರೆ ಕೆಳಗಿನ ಕಬ್ಬಿಣ ಕರಗಿಲ್ಲ ಅಂತಲೇ ಅರ್ಥ. ಚೆನ್ನಾಗಿ ಕರಗಿದ್ದರೆ ಅಂಚು ಎರಡೂ ಕಡೆ ಹರಡಿ ಒಳಗೆ ಸೇರಿಕೊಂಡಿರುತ್ತದೆ. ನನಗೆ ಬಂದ ಆ ಒಂದೇ ಎಚ್ಚರಿಕೆಯನ್ನು ನಾನೇ ಉಜ್ಜಿ ಹಾಕಿದೆ, ಮೇಲೆ ಬಣ್ಣವನ್ನೂ ಬಳಿದೆ. ಅದರ ಮೇಲೆ ಯಾರು ಬಂದು ನೋಡಿದ್ದರೂ ಕಂಡುಹಿಡಿಯಲು ಆಗುತ್ತಿರಲಿಲ್ಲ.

ಮೂರು ವಾರ ಗೇಟು ನಿಂತಿತ್ತು. ಒಂದು ಬೆಳಿಗ್ಗೆ ಕಾಯಿ ತುಂಬಲು ಟ್ರಾಕ್ಟರ್ ಬಂತು, ಅಪ್ಪ ಗೇಟು ತೆಗೆಯಲು ಹೋದರು. ಮೇಲಿನ ಹಿಂಜ್ ಕಿತ್ತು ಬಂತು. ಕೆಳಗಿನದು ತಿರುಚಿಕೊಂಡಿತು. 70 ಕೆಜಿ ಹತ್ತಿರ ಇದ್ದ ಗೇಟು ಅಪ್ಪನ ಕಾಲ ಮೇಲೆ ಬಿತ್ತು. ಮೊಣಕಾಲಿನ ಕೆಳಗೆ ಎಲುಬು ಮುರಿಯಿತು. ಆಪರೇಷನ್ ಮಾಡಿ ಪ್ಲೇಟು ಹಾಕಿದರು. 1 ಲಕ್ಷದ ಮೇಲೆ ಖರ್ಚಾಯಿತು, ಅದು ಹೋಗಲಿ. ಅಪ್ಪ ಐದು ತಿಂಗಳು ತೋಟಕ್ಕೆ ಇಳಿಯಲಿಲ್ಲ. ಈಗಲೂ ಚಳಿಗಾಲದಲ್ಲಿ ಆ ಕಾಲು ಎಳೆದುಕೊಂಡೇ ನಡೆಯುತ್ತಾರೆ. ನನಗೆ ಒಂದು ಮಾತೂ ಬೈಯಲಿಲ್ಲ.

ಕಿತ್ತು ಬಂದ ಹಿಂಜ್ ಪ್ಲೇಟನ್ನು ಆಸ್ಪತ್ರೆಯಿಂದ ಬಂದ ಮೇಲೆ ಕೈಯಲ್ಲಿ ಹಿಡಿದು ನೋಡಿದೆ. ಬೆಸುಗೆ ಪೂರ್ತಿ ಪೈಪಿನ ಮೇಲೆಯೇ ಉಳಿದಿತ್ತು. ಪ್ಲೇಟಿನ ಕಡೆ ಏನೂ ಇಲ್ಲ. ಅಂಗಡಿಯಿಂದ ತಂದಾಗ ಇದ್ದ ನೀಲಿಗಪ್ಪು ಪದರ ಹಾಗೇ ಇತ್ತು, ಕಟ್ಟಿಂಗ್ ವೀಲಿನ ಗೀರುಗಳು ಕೂಡ ಅಳಿಸಿರಲಿಲ್ಲ. ಎಣ್ಣೆ ಸವರಿದ ಕಾವಲಿಯಿಂದ ದೋಸೆ ಎದ್ದು ಬರುತ್ತದಲ್ಲ, ಅಷ್ಟು ಸಲೀಸಾಗಿ ಬಿಟ್ಟುಕೊಂಡಿತ್ತು. 8 ಎಂಎಂ ಪ್ಲೇಟು 50 ಆಂಪ್ಸಿನ ಬಿಸಿಯನ್ನು ಎಳೆದುಕೊಂಡು ತಣ್ಣಗೇ ಕೂತಿತ್ತು.

ಅದನ್ನು ಚೀಲದಲ್ಲಿ ಹಾಕಿಕೊಂಡು ಪೇಟೆಯ ಒಬ್ಬ ವೆಲ್ಡಿಂಗ್ ಮೇಸ್ತ್ರಿ ಹತ್ತಿರ ಹೋದೆ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ನೀನು ಅಂಟಿಸಿದ್ದೀಯ ಮಗಾ, ಬೆಸೆದಿಲ್ಲ" ಅಂದರು. ಆಮೇಲೆ ಎರಡು ತಿಂಗಳು ಸಂಜೆ ಹೊತ್ತು ಅವರ ಶೆಡ್ಡಿನಲ್ಲೇ ಕೂತೆ. ನನ್ನ ಮೆಷಿನ್ನೇ ಒಯ್ದಿದ್ದೆ. ಅದೇ 7 ಸಾವಿರದ ಮೆಷಿನ್. ಅವರ ಕೈಯಲ್ಲಿ ಅದರಿಂದಲೇ ಬೀಸಣಿಗೆ ಮಡಿಕೆಯ ಹಾಗೆ ಸಾಲು ಸಾಲಾಗಿ ಬೆಸುಗೆ ಬಂತು. ಆಗ ನನಗೆ ಗೊತ್ತಾಯಿತು, ಆ ಒಂದು ತಿಂಗಳು ನಾನು ತಪ್ಪು ಪ್ರಶ್ನೆಯ ಹಿಂದೆ ಬಿದ್ದಿದ್ದೆ ಅಂತ.

ಅದಕ್ಕೇ ನಿಮಗೂ ನೇರವಾಗಿ ಹೇಳುತ್ತೇನೆ. ಯಾವ ಮೆಷಿನ್ ಅನ್ನುವುದು ನಿಮ್ಮ ಪ್ರಶ್ನೆ ಆಗಬಾರದು. ಮೊದಲ ಕೆಲಸವಾಗಿ ಗೇಟು ಮಾಡುತ್ತೇನೆ ಅನ್ನುವುದನ್ನು ಕೈಬಿಡಿ. ಯಾರ ಮೈಮೇಲಾದರೂ ಬೀಳಬಹುದಾದ ಯಾವ ವಸ್ತುವನ್ನೂ ಮೊದಲ ಮೂರು ತಿಂಗಳು ಮಾಡಬೇಡಿ. ಗೇಟು, ಏಣಿ, ಶೆಡ್ಡಿನ ಕಂಬ, ಟ್ರೇಲರ್ ಯಾವುದೂ ಬೇಡ. ಹೂಕುಂಡದ ಸ್ಟ್ಯಾಂಡ್ ಮಾಡಿ, ಚಪ್ಪಲಿ ಇಡುವ ಸ್ಟ್ಯಾಂಡ್ ಮಾಡಿ.

ಮಿಗ್ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕಾಗಿಯೇ ಇದೆ, ಬೇರೆಯವರು ಒಪ್ಪದಿರಬಹುದು. ಗ್ಯಾಸ್ ಬೇಡದ ಮಿಗ್ ಕೆಟ್ಟದ್ದಲ್ಲ, ಗಾಳಿ ಬೀಸುವ ಬಯಲಲ್ಲಿ ಕೆಲಸಕ್ಕೆ ಬರುತ್ತದೆ. ಆದರೆ ವೈರ್ ತಾನಾಗಿಯೇ ಬರುತ್ತಿರುತ್ತದೆ, ಆರ್ಕ್ ನಿಲ್ಲುವುದಿಲ್ಲ, ರಾಡ್ ಹಾಗೆ ಅಂಟುವುದಿಲ್ಲ. ಕೆಳಗೆ ಕರಗಿದೆಯೋ ಇಲ್ಲವೋ, ಮೇಲೆ ಸಾಲು ಬೀಳುತ್ತಲೇ ಇರುತ್ತದೆ. ಕಲಿಯುವವರಿಗೆ ಅದೇ ಅಪಾಯ. ರಾಡ್ ವೆಲ್ಡಿಂಗ್‌ನಲ್ಲಿ ತಪ್ಪು ಮಾಡಿದರೆ ತಕ್ಷಣ ಅಂಟಿಕೊಳ್ಳುತ್ತದೆ, ಆರಿ ಹೋಗುತ್ತದೆ, ಸದ್ದು ಬದಲಾಗುತ್ತದೆ. ಆ ಕಷ್ಟದಲ್ಲೇ ಕಲಿಯುವುದು ಇದೆ. ಮಿಗ್ ವೈರಿನ ಸುರುಳಿ ಸಣ್ಣ ಪೇಟೆಗಳಲ್ಲಿ ಬೇಕೆಂದಾಗ ಸಿಗುವುದೂ ಇಲ್ಲ. ರಾಡ್ ಆದರೆ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ.

250 ಆಂಪ್ಸೂ ಬೇಡ. ತೋಟದ ಕೆಲಸಕ್ಕೆ 2.5 ಮತ್ತು 3.15 ಎಂಎಂ ರಾಡ್ ಸಾಕು. 2.5ಕ್ಕೆ 60ರಿಂದ 90 ಆಂಪ್ಸು, 3.15ಕ್ಕೆ 90ರಿಂದ 130. ರಾಡಿನ ಡಬ್ಬದ ಮೇಲೆಯೇ ಬರೆದಿರುತ್ತದೆ, ಓದಿ. 200 ಆಂಪ್ಸು ಅಂತ ಬರೆದ ಯಾವುದಾದರೂ ಇನ್ವರ್ಟರ್ ಮೆಷಿನ್ ತಗೊಳ್ಳಿ, ಆದರೆ ಹತ್ತಿರದ ಅಂಗಡಿಯಲ್ಲೇ ತಗೊಳ್ಳಿ, ಅಲ್ಲೇ ಒಂದು ರಾಡ್ ಸುಟ್ಟು ನೋಡಿ. ಕೆಟ್ಟರೆ ರಿಪೇರಿ ಎಲ್ಲಿ ಅಂತ ಕೇಳಿ. ಡ್ಯೂಟಿ ಸೈಕಲ್ 60 ಪರ್ಸೆಂಟ್ ಅಂದರೆ ಆ ಆಂಪ್ಸಿನಲ್ಲಿ 10 ನಿಮಿಷಕ್ಕೆ 6 ನಿಮಿಷ ಸುಡಬಹುದು, 4 ನಿಮಿಷ ಬಿಡಬೇಕು ಅಂತ. ನೀವು 80 ಆಂಪ್ಸಿನಲ್ಲಿ ಕಲಿಯುವಾಗ ಇದು ತಲೆನೋವೇ ಅಲ್ಲ.

ತಲೆನೋವು ಕರೆಂಟಿನದು. ನಮ್ಮಲ್ಲಿ ಸಂಜೆ 230 ವೋಲ್ಟ್ ಎಲ್ಲಿ ಬರುತ್ತದೆ ಹೇಳಿ. ನಾನು ಮನೆಯಿಂದ 40 ಮೀಟರ್ ತೆಳು ಎಕ್ಸ್‌ಟೆನ್ಷನ್ ವೈರ್ ಎಳೆದಿದ್ದೆ, 1 ಸ್ಕ್ವೇರ್ ಎಂಎಂದು. ಮೀಟರ್ ಹಾಕಿ ನೋಡಿದಾಗ ಮನೆಯಲ್ಲಿ 200 ಇದ್ದದ್ದು ಆರ್ಕ್ ಹೊತ್ತಿಸಿದರೆ ವೈರಿನ ತುದಿಯಲ್ಲಿ 180ಕ್ಕಿಂತ ಕೆಳಗೆ ಹೋಗುತ್ತಿತ್ತು. ವೈರ್ ಕೈಗೆ ಬಿಸಿಯಾಗಿ ಸಿಗುತ್ತಿತ್ತು. ಮೆಷಿನ್ನಿಗೆ ಕಡಿಮೆ ಹಾಕಿ, ಉಳಿದ ದುಡ್ಡನ್ನು 4 ಸ್ಕ್ವೇರ್ ಎಂಎಂ ತಾಮ್ರದ ವೈರಿಗೆ ಹಾಕಿ, ಎಲೆಕ್ಟ್ರಿಷಿಯನ್ ಕರೆಸಿ ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು), ಸರಿಯಾದ ಅರ್ತ್ ಹಾಕಿಸಿ. ಮೊಬೈಲ್ ಚಾರ್ಜ್ ಮಾಡುವ ಪ್ಲಗ್ಗಿಗೆ ಸಿಕ್ಕಿಸಬೇಡಿ.

ಹೆಲ್ಮೆಟ್ ಮಾತ್ರ ಮೊದಲ ದಿನವೇ ಬೇಕು, ತಾನಾಗಿಯೇ ಕಪ್ಪಾಗುವಂಥದ್ದು. ಕಪ್ಪು ಕನ್ನಡಕ ಹಾಕಿಕೊಂಡು ವೆಲ್ಡಿಂಗ್ ಮಾಡುವವರನ್ನು ನೋಡಿ ಕಲಿಯಬೇಡಿ. ಆ ಬೆಳಕು ಕಣ್ಣಿಗೆ ಹೊಡೆದದ್ದು ಆಗಲೇ ಗೊತ್ತಾಗುವುದಿಲ್ಲ. ಆರೇಳು ಗಂಟೆ ಬಿಟ್ಟು, ಮಧ್ಯರಾತ್ರಿ, ಕಣ್ಣಿಗೆ ಮರಳು ಸುರಿದ ಹಾಗೆ ಆಗುತ್ತದೆ. ಹಾಗಾದರೆ ಆಲೂಗಡ್ಡೆ, ಹಾಲು ಅಂತ ಏನೇನೋ ಹಾಕದೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ತುಂಬು ತೋಳಿನ ಹತ್ತಿ ಬಟ್ಟೆ, ಚರ್ಮದ ಗ್ಲೌಸ್, ಶೂ. ಚಪ್ಪಲಿ ಬೇಡ, ಒದ್ದೆ ನೆಲದ ಮೇಲೆ ಮಳೆಗಾಲದಲ್ಲಿ ಬೇಡವೇ ಬೇಡ. ಶೆಡ್ಡಿಗೆ ಜಿಐ ಪೈಪ್ ಹಾಕುವ ಯೋಚನೆ ಇದ್ದರೆ ಬೆಸೆಯುವ ಜಾಗದ ಸತುವಿನ ಲೇಪ ಉಜ್ಜಿ ತೆಗೆಯಿರಿ, ಬಯಲಲ್ಲಿ ಮಾಡಿ. ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ, ನನಗೆ ಒಮ್ಮೆ ಬಂದಿತ್ತು.

ಇನ್ನು ಕಲಿಯುವುದು. ಗುಜರಿಯಿಂದ 10 ಕೆಜಿ ತುಂಡು ಕಬ್ಬಿಣ ತನ್ನಿ, 5-6 ಎಂಎಂ ದಪ್ಪದ ಪಟ್ಟಿಗಳು. ತೆಳು ಪೈಪಿನಿಂದ ಶುರು ಮಾಡಬೇಡಿ, ತೆಳು ಕಬ್ಬಿಣವೇ ನನ್ನನ್ನು 50 ಆಂಪ್ಸಿಗೆ ಇಳಿಸಿದ್ದು. 6013 ಅಂತ ಬರೆದ 2.5 ಎಂಎಂ ರಾಡ್ ಎರಡು ಪ್ಯಾಕೆಟ್ ತಗೊಳ್ಳಿ, ಒಣಗಿದ ಜಾಗದಲ್ಲಿಡಿ. ಮೆಷಿನ್ನಿನ ಇನ್ನೊಂದು ಕೇಬಲ್ಲಿನ ಕ್ಲಾಂಪ್ ಕಬ್ಬಿಣವನ್ನು ಹಿಡಿಯುವ ಜಾಗವನ್ನು ಹೊಳೆಯುವ ಹಾಗೆ ಉಜ್ಜಿ. ರಾಡಿನ ತುದಿ ಕಬ್ಬಿಣಕ್ಕೆ ಎಷ್ಟು ಹತ್ತಿರ ಅಂದರೆ ರಾಡಿನ ದಪ್ಪದಷ್ಟೇ ದೂರ. ಮೇಸ್ತ್ರಿ ನನಗೆ ಹೇಳಿಕೊಟ್ಟದ್ದು ಎರಡೇ. ಒಂದು ಕಿವಿಯದು, ಬಾಣಲೆಯಲ್ಲಿ ಬಜ್ಜಿ ಬೇಯುವ ಸದ್ದು ಬರಬೇಕು, ಪಟಪಟ ಸಿಡಿದರೆ ದೂರ ಹೋಗಿದ್ದೀಯ. ಇನ್ನೊಂದು ಕಣ್ಣಿನದು, "ಬೆಳಕು ನೋಡಬೇಡ, ಅದರ ಹಿಂದೆ ಇರೋ ನೀರು ನೋಡು". ಕರಗಿದ ಲೋಹ ನೀರಿನ ಹಾಗೆ ಹೊಳೆಯುತ್ತದೆ, ಅದರ ಮೇಲೆ ಸ್ಲ್ಯಾಗ್, ಅಂದರೆ ರಾಡಿನ ಲೇಪ ಕರಗಿ ಆದ ಕಿಟ್ಟ, ಮಬ್ಬಾಗಿ ತೇಲುತ್ತಿರುತ್ತದೆ. ಸ್ಲ್ಯಾಗನ್ನೇ ಲೋಹ ಅಂದುಕೊಂಡು ಮುಂದೆ ಹೋದರೆ ಒಳಗೆ ಟೊಳ್ಳು. ನನಗೆ ಅದು ಬೇರೆ ಇದು ಬೇರೆ ಅಂತ ಕಾಣಲು ಹನ್ನೊಂದು ದಿನ ಹಿಡಿಯಿತು. ಕಂಡ ದಿನ ಕೈ ತಾನಾಗಿಯೇ ಸರಿಯಾಯಿತು.

ದಪ್ಪ ತೆಳು ಎರಡನ್ನು ಸೇರಿಸುವಾಗ ಕರೆಂಟ್ ಇಡುವುದು ದಪ್ಪದ್ದಕ್ಕೆ. ಆರ್ಕ್ ದಪ್ಪದ ಮೇಲೇ ನಿಲ್ಲಬೇಕು. ಅಲ್ಲಿ ನೀರು ಕಟ್ಟಿದ ಮೇಲೆ ತೆಳು ಪೈಪನ್ನು ಸುಮ್ನೆ ಸವರಿ ವಾಪಸ್ ಬರಬೇಕು. ಇದು ಗೊತ್ತಿದ್ದರೆ ನನ್ನ ಹಿಂಜ್ ನಿಲ್ಲುತ್ತಿತ್ತು.

ಮತ್ತೆ, ಮುರಿಯಿರಿ. ಎರಡು ಪಟ್ಟಿಯನ್ನು ಟಿ ಆಕಾರದಲ್ಲಿ ಇಟ್ಟು ಒಂದೇ ಕಡೆ ಬೆಸೆಯಿರಿ, ತಣ್ಣಗಾದ ಮೇಲೆ ವೈಸಿಗೆ (ಬಿಗಿಯಾಗಿ ಹಿಡಿದಿಡುವ ಕಬ್ಬಿಣದ ಇಕ್ಕಳ) ಸಿಕ್ಕಿಸಿ ದೊಡ್ಡ ಸುತ್ತಿಗೆಯಿಂದ ಬೆಸುಗೆ ಇಲ್ಲದ ಕಡೆಯಿಂದ, ನಿಂತ ಪಟ್ಟಿ ಬೆಸುಗೆಯ ಮೇಲೆ ಬಗ್ಗುವ ಹಾಗೆ ಹೊಡೆಯಿರಿ. ಮುರಿದ ಜಾಗ ಹರಿದ ಹಾಗೆ ಒರಟಾಗಿ ಬೂದಿ ಬಣ್ಣಕ್ಕೆ ಕಂಡರೆ ಸರಿ. ಹಳೆಯ ಅಂಚಿನ ಗೆರೆ ಹಾಗೇ ನೆಟ್ಟಗೆ ಕಂಡರೆ ಅಲ್ಲಿ ಕರಗಿಲ್ಲ. ನಾನು ಮೇಸ್ತ್ರಿ ಶೆಡ್ಡಿನಲ್ಲಿ ಹೀಗೆ 60ರ ಹತ್ತಿರ ಮುರಿದೆ. ಮೊದಲ 20 ಎರಡೇ ಏಟಿಗೆ ಬಂದವು. ಅಷ್ಟು ದಿನ ಗ್ರೈಂಡರನ್ನು ಕತ್ತರಿಸೋಕೆ ಮಾತ್ರ ಬಳಸಿ, ಬೆಸುಗೆಯ ಮೇಲೆ ಇಡಬೇಡಿ.

ವಿಡಿಯೊ ನೋಡಿ ಕಲಿಯಬಹುದಾ ಅಂದಿರಿ. ನೋಡಿ, ಬೇಡ ಅನ್ನುವುದಿಲ್ಲ. ಆದರೆ ವಿಡಿಯೊ ನಿಮ್ಮ ತುಂಡನ್ನು ಕೈಯಲ್ಲಿ ಹಿಡಿದು ನೋಡುವುದಿಲ್ಲ. ಹತ್ತಿರದ ವರ್ಕ್‌ಶಾಪಿನಲ್ಲಿ ಹತ್ತು ಸಂಜೆ ಕೂರಲು ಬಿಡ್ತೀರಾ ಅಣ್ಣ ಅಂತ ಕೇಳಿ, ಅವರ ಕಸ ಗುಡಿಸಿಕೊಡಿ. ಇದನ್ನೇ ಉದ್ಯೋಗ ಮಾಡುವ ಮನಸ್ಸಿದ್ದರೆ ಐಟಿಐನಲ್ಲಿ ವೆಲ್ಡರ್ ಟ್ರೇಡ್ ಇದೆ, ಒಂದು ವರ್ಷದ್ದು, ಎಂಟನೇ ಕ್ಲಾಸ್ ಪಾಸಾದವರಿಗೂ ಸೀಟು ಕೊಡುತ್ತಾರೆ.

ಈಗ ಇರುವ ಗೇಟನ್ನು ಮೇಸ್ತ್ರಿ ಮಾಡಿದರು, ನಾನು ಜೊತೆಗಿದ್ದೆ. ಕೆಳಗಿನ ಹಿಂಜ್ ನನ್ನ ಕೈಯಲ್ಲಿ ಹಾಕಿಸಿದರು. ಹಾಕಿದ ಮೇಲೆ ಐದು ಕೆಜಿ ಸುತ್ತಿಗೆ ಅಪ್ಪನ ಕೈಗೆ ಕೊಟ್ಟು ಹೊಡೆಯಿರಿ ಅಂದರು. ಅಪ್ಪ ಕೋಲು ಗೋಡೆಗೆ ಒರಗಿಸಿ ಮೂರು ಏಟು ಹೊಡೆದರು, ಬಗ್ಗಿ ನೋಡಿದರು, ಸರಿ ಬಣ್ಣ ಹೊಡಿ ಅಂದರು.

ನಿಮ್ಮ ತೋಟದಲ್ಲಿ ಸಂಜೆ ಏಳು ಗಂಟೆಗೆ ಎಷ್ಟು ವೋಲ್ಟ್ ಬರುತ್ತದೆ, ಮೀಟರ್ ಬೋರ್ಡಿನಿಂದ ಕೆಲಸದ ಜಾಗಕ್ಕೆ ಎಷ್ಟು ದೂರ, ಇವೆರಡು ಅಳೆದು ಬರೆಯಿರಿ. ವೈರ್ ಎಷ್ಟು ದಪ್ಪದ್ದು ಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.