ಮೂವರು ಹುಡುಗರ ಜ್ವರ ಯಾವ ಲೆಕ್ಕಕ್ಕೆ ಹೋಯಿತು?

ಮುಂಬಯಿಯ ಘಾಟ್‌ಕೋಪರ್‌ನ ಹೋಟೆಲ್ ಮಾಲಕರೊಬ್ಬರು ಬರೆದಿದ್ದಾರೆ: "ನಮ್ಮ ಹೋಟೆಲಿನ ಮೂವರು ಹುಡುಗರಿಗೆ ಒಂದೇ ವಾರದಲ್ಲಿ ಡೆಂಗ್ಯೂ ಬಂತು. ಮೂವರಿಗೂ ಕಾರ್ಡ್ ಟೆಸ್ಟ್ ಪಾಸಿಟಿವ್. ಇಬ್ಬರು ಊರಿಗೆ ಹೋದರು. ವಾರ್ಡ್ ಆಫೀಸಿನಲ್ಲಿ ಕೇಳಿದರೆ ನಮ್ಮ ಬಿಲ್ಡಿಂಗಿನಲ್ಲಿ ಒಂದೂ ಕೇಸ್ ಇಲ್ಲವಂತೆ. ಮುಚ್ಚಿಡ್ತಾರಾ? ಇಂಥ ಲೆಕ್ಕ ಇಟ್ಟು ಏನು ಪ್ರಯೋಜನ?"

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ಹುಡುಗರ ವಿಷಯ. ಡೆಂಗ್ಯೂನಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಜಾಸ್ತಿ ಅಪಾಯ. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಯಾರೂ ಎಲ್ಲೂ ಅಂಕಿ ಮುಚ್ಚಿಡುವುದಿಲ್ಲ ಅಂತ ನಾನು ಹೇಳಲಾರೆ. ಆದರೆ ನಿಮ್ಮ ಹುಡುಗರು ಲೆಕ್ಕದಿಂದ ಬಿಟ್ಟುಹೋಗಲು ಯಾರೂ ಮುಚ್ಚಿಡಬೇಕಾಗಿಲ್ಲ. ತಕ್ಷಣ ಫಲಿತಾಂಶ ಕೊಡುವ ಕಾರ್ಡ್ ಟೆಸ್ಟ್ ಪಾಸಿಟಿವ್ ಬಂದರೆ ಸರ್ಕಾರದ ಲೆಕ್ಕದಲ್ಲಿ ಅದು ಬರೀ ಶಂಕೆ. ಲ್ಯಾಬಿನಲ್ಲಿ ಮಾಡುವ ಎಲೈಸಾ ಎಂಬ ರಕ್ತಪರೀಕ್ಷೆಯಲ್ಲಿ ಪಾಸಿಟಿವ್ ಬಂದರೇನೇ ಖಚಿತ ಪ್ರಕರಣ. ಜ್ವರದ ಮೊದಲ ಐದು ದಿನ ಅದರಲ್ಲಿ ಹುಡುಕುವುದು ಎನ್‌ಎಸ್1 ಅನ್ನುವ ವೈರಸ್ಸಿನ ಪ್ರೋಟೀನು, ಆಮೇಲೆ ಐಜಿಎಂ, ಅಂದರೆ ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ. ಇದಕ್ಕಂತಲೇ ದೇಶದಲ್ಲಿ ಸೆಂಟಿನೆಲ್ ಆಸ್ಪತ್ರೆಗಳಿವೆ, ಅಂದರೆ ರೋಗದ ಮೇಲೆ ನಿಗಾ ಇಡಲು ಆರಿಸಿದ ಆಸ್ಪತ್ರೆಗಳು, ಅವುಗಳಿಗೆ ಐಜಿಎಂ ಕಿಟ್ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಿಂದ, ಅಂದರೆ ಎನ್‌ಐವಿಯಿಂದ ಬರುತ್ತದೆ. 1957ರಲ್ಲಿ ನಮ್ಮ ಶಿವಮೊಗ್ಗದ ಕ್ಯಾಸನೂರಿನ ಮಂಗನ ಕಾಯಿಲೆಯ ವೈರಸ್ಸನ್ನು ಪತ್ತೆಹಚ್ಚಿದವರೂ ಇವರೇ (ಅದು ಉಣ್ಣಿ ಹುಳದಿಂದ ಹರಡುವುದು, ಸೊಳ್ಳೆಯಿಂದಲ್ಲ).

ಇನ್ನೊಂದು ವಿಷಯ ವಿಳಾಸದ್ದು, ನನಗೆ ನಿಜವಾಗಿ ಕಳವಳ ಇರುವುದು ಇಲ್ಲೇ. ನಮ್ಮ ಹೋಟೆಲ್ ಹುಡುಗರು ಲ್ಯಾಬಿನಲ್ಲಿ ಆಧಾರ್ ಕಾರ್ಡ್ ತೋರಿಸುತ್ತಾರೆ, ಅದರಲ್ಲಿ ಇರುವುದು ಕುಂದಾಪುರದ್ದೋ ಕಾರ್ಕಳದ್ದೋ ವಿಳಾಸ. ಇಲ್ಲಾಂದರೆ ಜ್ವರ ಬಂದ ಕೂಡಲೇ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗಿ ಮಲಗುತ್ತಾರೆ, ಅಲ್ಲೇ ರಕ್ತ ಕೊಡುತ್ತಾರೆ. ಸೊಳ್ಳೆ ಕಚ್ಚಿ 4ರಿಂದ 10 ದಿನಕ್ಕೆ ಜ್ವರ ಬರುವುದರಿಂದ, ಊರು ಮುಟ್ಟಿದ ಮಾರನೇ ದಿನ ಮಲಗಿದವನಿಗೂ ಕಚ್ಚಿದ್ದು ಮುಂಬಯಿಯ ಸೊಳ್ಳೆಯೇ. ಪ್ರಕರಣ ಮಾತ್ರ ಉಡುಪಿ ಜಿಲ್ಲೆಯದ್ದು! ಘಾಟ್‌ಕೋಪರ್‌ನ ಆ ರೂಮಿಗೆ ಯಾರೂ ಬರುವುದಿಲ್ಲ, ಅಲ್ಲಿ ಉಳಿದವರನ್ನು ಅದೇ ಸೊಳ್ಳೆ ಕಚ್ಚುತ್ತಾ ಇರುತ್ತದೆ. ಊರಿನಲ್ಲೂ ತೊಂದರೆ ಇದೆ. ಜ್ವರ ಇರುವಾಗ ವೈರಸ್ ರಕ್ತದಲ್ಲೇ ಓಡಾಡುತ್ತಿರುತ್ತದೆ, ಆಗ ಕಚ್ಚಿದ ಅಲ್ಲಿನ ಸೊಳ್ಳೆ ಎಂಟು-ಹತ್ತು ದಿನ ಕಳೆದ ಮೇಲೆ ಮನೆಯವರಿಗೆ ಅಂಟಿಸಬಹುದು.

ಲೆಕ್ಕದ ಪ್ರಯೋಜನವೂ ಇದರಲ್ಲೇ ಇದೆ. ಎಷ್ಟು ಜನ ಅನ್ನುವುದಕ್ಕಿಂತ ಎಲ್ಲಿ ಅನ್ನುವುದು ಮುಖ್ಯ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ದೂರ ಹಾರುವುದಿಲ್ಲ, ಹೆಚ್ಚೆಂದರೆ ಕೆಲವು ನೂರು ಮೀಟರ್. ಸರಿಯಾದ ವಿಳಾಸ ಸಿಕ್ಕರೆ ಪಾಲಿಕೆಯವರು ಆ ಮನೆ, ಅಕ್ಕಪಕ್ಕದ ಮನೆಗಳಲ್ಲಿ ಮಾತ್ರ ಹುಡುಕಿದರೂ ಬಹಳ ಕೆಲಸ ಆಗುತ್ತದೆ. ಅವರು ಗಟಾರ ಬಿಟ್ಟು ನಿಮ್ಮ ಫ್ರಿಜ್ಜಿನ ಹಿಂದೆ ಟಾರ್ಚ್ ಹಾಕುವುದು ಸುಮ್ನೆ ಅಲ್ಲ. ಈಡಿಸ್ ಮೊಟ್ಟೆ ಇಡುವುದು ನಿಂತ ತಿಳಿನೀರಿನಲ್ಲಿ, ಅದಕ್ಕೆ ಫ್ರಿಜ್ಜಿನ ಹಿಂದಿನ ಟ್ರೇಯಲ್ಲಿ ಎರಡು ಬೆರಳು ನೀರು ನಿಂತಿದ್ದರೆ ಸಾಕು. ಬೆಳಕು ಬಿದ್ದ ತಕ್ಷಣ ಸೊಳ್ಳೆಮರಿಗಳು ಕೊಂಕುತ್ತಾ ತಳಕ್ಕೆ ಇಳಿಯುತ್ತವೆ, ಸ್ವಲ್ಪ ಕಾದರೆ ಮತ್ತೆ ಮೇಲೆ ಬಂದು ತಲೆಕೆಳಗಾಗಿ ನೇತಾಡುತ್ತವೆ. ನೀರಿನ ಡ್ರಮ್ಮನ್ನು ಖಾಲಿ ಮಾಡಿದರಷ್ಟೇ ಸಾಲದು. ಒಳಗೋಡೆಗೆ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತದೆ, ಬ್ರಷ್ ಹಾಕಿ ತಿಕ್ಕಬೇಕು.

ನಿಗಾ ಇಟ್ಟಿದ್ದರಿಂದ ಏನು ಸಿಗುತ್ತದೆ ಅನ್ನುವುದಕ್ಕೆ ಪುಣೆ ಜಿಲ್ಲೆಯ ಬೇಲ್ಸರ್ ಹಳ್ಳಿಯನ್ನು ನೋಡಿ. 2021ರ ಜುಲೈನಲ್ಲಿ ಅಲ್ಲಿ ಜ್ವರ ಜಾಸ್ತಿಯಾಯಿತು, ರಕ್ತದ ಮಾದರಿ ಎನ್‌ಐವಿಗೆ ಹೋಯಿತು. ಹೆಚ್ಚಿನವರಿಗೆ ಚಿಕೂನ್‌ಗುನ್ಯ, ಕೆಲವರಿಗೆ ಡೆಂಗ್ಯೂ, ಅದರ ನಡುವೆ ಒಬ್ಬ ಮಹಿಳೆಗೆ ಝೀಕಾ, ಅದನ್ನೂ ಹರಡುವುದು ಈಡಿಸ್ ಸೊಳ್ಳೆಯೇ. ಮಹಾರಾಷ್ಟ್ರದ ಮೊದಲ ಝೀಕಾ ಪ್ರಕರಣ ಅದು. ಝೀಕಾ ಬಸುರಿಯರ ಕೂಸಿಗೆ ಅಪಾಯಕಾರಿ. "ಮಳೆಗಾಲದ ಜ್ವರ, ತಾನಾಗಿ ಹೋಗುತ್ತೆ" ಅಂತ ಬಿಟ್ಟಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ?

ಹಾಗಾಗಿ ನಿಮ್ಮನ್ನೂ ಎಲ್ಲ ಹೋಟೆಲ್ ಮಾಲಕರನ್ನೂ ಕೇಳಿಕೊಳ್ಳುತ್ತೇನೆ. ಲ್ಯಾಬಿನ ಫಾರ್ಮಿನಲ್ಲಿ ಹುಡುಗ ಮಲಗುವ ರೂಮಿನ ವಿಳಾಸ ಬರೆಸಿ. ಜ್ವರ ಇಳಿದು ಒಂದೆರಡು ದಿನ ಕಳೆಯುವ ತನಕ ರೈಲು ಹತ್ತಿಸಬೇಡಿ, ಸೊಳ್ಳೆಪರದೆಯೊಳಗೆ ಮಲಗಿಸಿ, ಹಗಲಲ್ಲೂ. ಊರಿಗೆ ಹೋಗಿರುವ ಇಬ್ಬರಿಗೆ ಇವತ್ತೇ ಫೋನ್ ಮಾಡಿ, ಮುಂಬಯಿಯಿಂದ ಯಾವತ್ತು ಹೊರಟದ್ದು ಅಂತ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಹೇಳಲು ತಿಳಿಸಿ. ಇಲ್ಲೇ ಇರುವವನನ್ನು ಪಾಲಿಕೆ ಆಸ್ಪತ್ರೆಗೆ ಕಳಿಸಿ ಎಲೈಸಾ ಮಾಡಿಸಿ. ಆ ವರದಿ ಜೊತೆಗಿಟ್ಟು ವಾರ್ಡಿನ ಆರೋಗ್ಯಾಧಿಕಾರಿಗೆ ಪತ್ರ ಬರೆಯಿರಿ. ಪ್ರತಿ ನಮಗೂ ಕಳಿಸಿ, ಅವರು ಬಂದು ನೋಡಿದರೋ ಇಲ್ಲವೋ ನಾವೂ ವಿಚಾರಿಸುತ್ತೇವೆ.